ಕಾಲುವೆಗೊಬ್ಬ ದೊರೆ

ನಮ್ಮೂರಿನವರು ಒಬ್ಬ ದೊರೆಯನ್ನು ಮಾಡಲು ಹೊರಟಾಗ ನನಗೆ ಹದಿನಾಲ್ಕು ವರ್ಷ. ದೊರೆಯಾಗಬೇಕಾಗಿದ್ದವನು ನನ್ನ ಅಪ್ಪ. ರಾಜ್ಯ ಅಂದರೆ ಒಂದು ಹೊಲಗಾಲುವೆ, ತೂಬಿನಿಂದ ಹಳ್ಳದವರೆಗೆ ನಡೆದರೆ ಒಂದು ಎಲೆಅಡಿಕೆ ಮುಗಿಯುವಷ್ಟು ದೂರ. ಸಿಂಹಾಸನ ಹನುಮಂತ ದೇವರ ಗುಡಿಯ ಕಟ್ಟೆ. ನಗುವವರು ನಗಲಿ. ಆ ದಿನ ನಮ್ಮ ಮನೆಯಲ್ಲಿ ಏನು ಮುರಿಯಿತು ಎಂಬುದು ನನಗೆ ಪೂರ್ತಿ ತಿಳಿಯಲು ಮೂವತ್ತು ವರ್ಷ ಹಿಡಿಯಿತು.

ನಮ್ಮೂರು ಕೆಂಭಾವಿ ಕಡೆ. ಸಂತೆಗೆ ಕೆಂಭಾವಿ, ಕಚೇರಿ ಕೆಲಸಕ್ಕೆ ಸುರಪುರ, ಊರು ಬಿಟ್ಟು ಹೋಗುವುದಿದ್ದರೆ ಯಾದಗಿರಿಯ ರೈಲು. ಅಪ್ಪ ಊರ ಶಾಲೆಯ ಮಾಸ್ತರ, ಸಮಾಜ ಪಾಠ ಅವನದು. ಹೈದರಾಬಾದಿನಿಂದ ಆಚೆ ಏನನ್ನೂ ಕಂಡವನಲ್ಲ. ಆದರೆ ಅಮೆರಿಕದ ಪಾಠ ಬಂದರೆ ಸಾಕು, ನಿನ್ನೆ ಸಂಜೆಯ ಬಸ್ಸಿಗೆ ಅಲ್ಲಿಂದ ಬಂದಿಳಿದವನ ಹಾಗೆ ಮಾತಾಡುತ್ತಿದ್ದ. ಪಠ್ಯದಲ್ಲಿ ಇದ್ದದ್ದು ನಾಲ್ಕು ಸಾಲು: ಯುದ್ಧವಾಯಿತು, ಗೆದ್ದರು, ಗಣರಾಜ್ಯ ಮಾಡಿಕೊಂಡರು. ಅಪ್ಪನಿಗೆ ಆ ನಾಲ್ಕು ಸಾಲಿನ ಮೇಲೆ ಸಿಟ್ಟು.

"ಎಂಟು ವರ್ಷ ಬಡದಾಡಿ ರಾಜನ ಹಂಗು ಹರಕೊಂಡ ಮಂದಿ," ಎನ್ನುತ್ತಿದ್ದ, "ಅದರಾಗ ಕೆಲವರು ಮತ್ತ ರಾಜನ ಬೇಕಂತ ಕುಂತ್ರು. ಯಾಕ ಹೇಳ್ರಿ ನೋಡೂಣು?"

ಉತ್ತರವನ್ನೂ ಅವನೇ ಹೇಳುತ್ತಿದ್ದ. ಗೆದ್ದ ಸೈನಿಕರಿಗೆ ಪಗಾರ ಸಿಗಲಿಲ್ಲ, ಒಂದು ಸೀಮೆಯವರ ಮಾತನ್ನು ಇನ್ನೊಂದು ಸೀಮೆಯವರು ಕೇಳಲಿಲ್ಲ, ಸಭೆ ಕೂತರೆ ಎದ್ದೇಳುವವರೆಗೂ ಬರೀ ವಾದ. ಆಗ ಒಬ್ಬ ಅಧಿಕಾರಿ ತಮ್ಮ ಸೇನಾಪತಿಗೆ ಕಾಗದ ಬರೆದ, ನೀವೇ ರಾಜರಾಗಿರಿ ಎಂದು. ಸೇನಾಪತಿ ಅದನ್ನು ಓದಿ ಅವನನ್ನು ಚೆನ್ನಾಗಿ ಬೈದು ಉತ್ತರ ಬರೆದ. ಮುಂದೆ ಕೆಲವರು ಸಮುದ್ರದಾಚೆಯ ಒಬ್ಬ ರಾಜನ ತಮ್ಮನನ್ನು ಕರೆತರುವ ಮಾತೆತ್ತಿದರು. ಹೊರಗಿನವನಾದರೆ ಯಾರ ಕಡೆಗೂ ವಾಲುವುದಿಲ್ಲವಲ್ಲ. ಇನ್ನೊಬ್ಬ ಬುದ್ಧಿವಂತ, ಸಭೆಯಲ್ಲೇ ಎದ್ದು ನಿಂತು, ದೇಶದ ಯಜಮಾನ ಜೀವ ಇರುವವರೆಗೂ ಯಜಮಾನನಾಗಿರಲಿ ಅಂದ. ಕೊನೆಗೆ ಆ ಸೇನಾಪತಿಯನ್ನೇ ಯಜಮಾನನಾಗಿ ಆರಿಸಿದ ಮೇಲೂ ಅವನನ್ನು ಏನೆಂದು ಕರೆಯಬೇಕು, ಪ್ರಭು ಅನ್ನಬೇಕೋ ಇನ್ನೇನೋ ಅನ್ನಬೇಕೋ ಎಂದು ವಾರಗಟ್ಟಲೆ ಜಗಳಾಡಿದರು.

"ಆ ಸೇನಾಪತಿಗೆ ಸ್ವಂತ ಮಕ್ಕಳಿರಲಿಲ್ಲ," ಎಂದು ಅಪ್ಪ ಪ್ರತಿ ವರ್ಷ ಸೇರಿಸುತ್ತಿದ್ದ. "ಇವನ ಹಿಂದ ಗಾದಿಗೆ ಕುಂಡ್ರಾಕ ಯಾರೂ ಇಲ್ಲ ಅಂತ ಮಂದಿಗೆ ಧೈರ್ಯ ಇತ್ತು." ನಾನು ಅವನ ಒಬ್ಬಳೇ ಮಗಳು, ಅದೇ ತರಗತಿಯಲ್ಲಿ ಹುಡುಗಿಯರ ಮೊದಲ ಸಾಲಿನಲ್ಲಿ ಕೂತು ಕೇಳುತ್ತಿದ್ದೆ.

ಆ ವರ್ಷವೇ ನಮ್ಮೂರಿಗೆ ಕಾಲುವೆ ನೀರು ಬಂದದ್ದು. ನಾರಾಯಣಪುರದಲ್ಲಿ ಕೃಷ್ಣೆಗೆ ಕಟ್ಟೆ ಹಾಕಿದ್ದಾರೆ, ನೀರು ಬರುತ್ತದೆ ಎಂಬ ಮಾತನ್ನು ಹುಟ್ಟಿದಾಗಿನಿಂದ ಕೇಳುತ್ತಿದ್ದೆವು. ಬರುತ್ತದೆ ಅನ್ನುವುದು ನಮ್ಮಲ್ಲಿ ಒಂದು ಗಾದೆಯೇ ಆಗಿತ್ತು. ಮದುವೆಯಾಗದೆ ಉಳಿದವರಿಗೆ "ತಡಿ, ಕಾಲುವಿ ನೀರ ಜೋಡಿ ನಿನಗೂ ಬರ್ತಾನ" ಅನ್ನುತ್ತಿದ್ದರು. ಕಡೆಗೆ ನೀರು ಬಂತು. ಕಚೇರಿಯವರು ಜೀಪಿನಲ್ಲಿ ಬಂದು, ಶೇಂಗಾ ಹಾಕಿರಿ, ಜೋಳ ಹಾಕಿರಿ, ಭತ್ತ ಮಾತ್ರ ಬೇಡ ಅಂದರು. ಎಲ್ಲರೂ "ಆಯ್ತ್ರಿ ಸಾಹೇಬ್ರ" ಅಂದು ಜೀಪು ತಿರುಗುವಷ್ಟರಲ್ಲಿ ಭತ್ತದ ಬೀಜ ಹುಡುಕಲು ಹೊರಟರು. ಜೋಳದ ರೊಟ್ಟಿ ಬಡಿದು ಬಡಿದು ಕೈ ಸವೆದ ಹೆಂಗಸರ ನಾಡು ನಮ್ಮದು. ಅನ್ನವೆಂದರೆ ಹಬ್ಬ, ಅನ್ನವೆಂದರೆ ಬೀಗರು ಬಂದ ದಿನ. ಸ್ವಂತ ಹೊಲದ ಅನ್ನ ಉಣ್ಣಬೇಕೆಂಬ ಆಸೆಗೆ ಯಾವ ಸಾಹೇಬ ಅಡ್ಡ ಬಂದಾನು?

ಅವ್ವನಿಗೆ ಆ ಆಸೆ ಎಲ್ಲರಿಗಿಂತ ಒಂದು ಕೈ ಹೆಚ್ಚು. ನಮಗಿದ್ದದ್ದು ಎರಡೆಕರೆ ಎರೆ ಹೊಲ. ಅದು ಅಪ್ಪನದಲ್ಲ, ಅವ್ವನದು. ಅವಳ ಮದುವೆಯಲ್ಲಿ ನನ್ನ ಅಜ್ಜ ಉಡಿಯಲ್ಲಿ ಹಾಕಿ ಕೊಟ್ಟದ್ದು. ಹೊಲಗಾಲುವೆಯ ಕಟ್ಟಕಡೆಯ ಹೊಲ ಅದು. ಅದರಾಚೆ ಹಳ್ಳ, ಹಳ್ಳದಾಚೆ ಬೇರೆ ಊರು.

ಮೊದಲ ನೀರು ಬಿಟ್ಟ ದಿನ ಊರ ಹೆಂಗಸರೆಲ್ಲ ಗಂಗವ್ವನ ಪೂಜೆಗೆ ಹೊರಟರು. ತವರಿಗೆ ಬಂದ ಮಗಳಿಗೆ ಮಾಡುವ ಹಾಗೆ ನೀರಿಗೆ ಉಡಿ ತುಂಬುವುದು: ಹಸಿರು ಬಳೆ, ಅರಿಶಿನ ಕುಂಕುಮ, ಒಂದು ಖಣ. ಖಣ ಅಂದರೆ ಕುಪ್ಪಸಕ್ಕೆ ಆಗುವಷ್ಟು ಬಟ್ಟೆ. ಹರಿಯುವ ನೀರಿಗೆ ಪೂಜೆ ಹೇಗೆ ಮಾಡುವುದು? ನಿಲ್ಲಬೇಕಲ್ಲ. ಹೀಗಾಗಿ ಪ್ರತಿ ಹೊಲದವರೂ ಕಾಲುವೆಗೆ ಅಡ್ಡ ಮಣ್ಣು ಹಾಕಿ, ನೀರು ನಿಲ್ಲಿಸಿ, ಸಾವಕಾಶ ಪೂಜೆ ಮಾಡಿ, ಹೋಳಿಗೆ ಉಂಡು, ಒಡ್ಡು ಒಡೆಯಲು ಮರೆತರು. ಭಕ್ತಿಯಿಂದಲೇ ನೀರು ಕಟ್ಟಿಹಾಕಿದ ಜನ ಇನ್ನೆಲ್ಲಾದರೂ ಇದ್ದರೆ ನನಗೆ ಗೊತ್ತಿಲ್ಲ. ಮೂರು ದಿನ ಅವ್ವ ಮಡಿ ಸೀರೆ ಉಟ್ಟು, ತಟ್ಟೆಯಲ್ಲಿ ಹಸಿರು ಖಣ ಇಟ್ಟುಕೊಂಡು ನಮ್ಮ ಹೊಲದ ಬದುವಿನ ಮೇಲೆ ಕೂತಳು. ನಾನೂ ಜೊತೆಗೆ ಕೂತೆ. ಮೂರನೆಯ ದಿನ ಸಂಜೆ ಒಂದು ಗೇಣಗಲ ಒದ್ದೆ ಕಾಲುವೆಯ ತಳದಲ್ಲಿ ಕಂಡಿತು, ನೋಡುತ್ತಿದ್ದಂತೆ ಇಂಗಿತು.

"ಇರ್ಲಿ, ದೂರದಿಂದ ಬರಾಕತ್ಯಾಳ, ದಣದಾಳ," ಅಂದಳು ಅವ್ವ. ಖಣವನ್ನು ಮಡಚಿ ಟ್ರಂಕಿನಲ್ಲಿ ಇಟ್ಟಳು. ನೀರು ಬಂದ ದಿನ ಕೊಟ್ಟರಾಯಿತು ಅಂತ.

ಆಮೇಲೆ ಜಗಳ ಸುರುವಾಯಿತು. ಮಳೆಗೆ ಮುಖವೆತ್ತಿ ಕೂತು ರೂಢಿಯಿದ್ದ ಜನಕ್ಕೆ ನೀರು ಹಂಚಿಕೊಳ್ಳುವ ರೂಢಿ ಇರಲಿಲ್ಲ. ಮಳೆ ಯಾರನ್ನೂ ಕೇಳಿ ಬರುತ್ತಿರಲಿಲ್ಲ, ಎಲ್ಲರ ಹೊಲಕ್ಕೂ ಬೀಳುತ್ತಿತ್ತು. ಮೇಲಿನ ಹೊಲದವರು ಮಂಡಿಯುದ್ದ ನೀರು ನಿಲ್ಲಿಸಿಕೊಂಡರು, ತಳಗಿನವರು ಸಲಿಕೆ ಹಿಡಿದು ಹೋದರು. ಅಣ್ಣತಮ್ಮಂದಿರು ಮಾತು ಬಿಟ್ಟರು. ಒಬ್ಬನ ತಲೆ ಒಡೆದು ಸುರಪುರದ ಆಸ್ಪತ್ರೆಗೆ ಒಯ್ದರು. ಅಷ್ಟು ಹೊತ್ತಿಗೆ ಅವ್ವ ಹೊಲದ ಮೂಲೆಯಲ್ಲಿ ಭತ್ತದ ಸಸಿ ಹಾಕಿದ್ದಳು, ಒಂದು ಚಾಪೆಯಗಲದ ಹಸಿರು. ಇಪ್ಪತ್ತು ದಿನದಲ್ಲಿ ನೀರು ಬಂದರೆ ನಾಟಿ, ಇಲ್ಲದಿದ್ದರೆ ದನಕ್ಕೆ ಮೇವು.

ಊರವರು ಹನುಮಂತ ದೇವರ ಕಟ್ಟೆಗೆ ಸೇರಿದ್ದು ಆಗ. ಶಾಲೆಗೆ ಸೂಟಿ ಇದ್ದ ದಿನ, ಮುಂಜಾನೆ. ಗಂಡಸರು ಕಟ್ಟೆಯ ಮೇಲೆ, ಹೆಂಗಸರು ಬೇವಿನ ಗಿಡದ ಕೆಳಗೆ. ನಾನು ಅವ್ವನ ಪಕ್ಕದಲ್ಲಿದ್ದೆ.

ಊರ ಹಿರಿಯ ಗೌಡ ಮಾತು ತೆಗೆದ. "ಯಾರ ಮಾತು ಯಾರೂ ಕೇಳವಲ್ರಿ. ಎಲ್ಲಾರೂ ಪಲ್ಲಕ್ಕ್ಯಾಗ ಕುಂತ್ರ ಹೊರಾವ್ರು ಯಾರು? ನೀರಿಗೆ ಒಬ್ಬ ದೊರಿ ಬೇಕು. ಅವ ಅಂದದ್ದ ಹುಕುಂ."

ಒಬ್ಬ ಮುದುಕ, ಸುರಪುರದಲ್ಲಿ ರಾಜರಿದ್ದಾಗ ಒಂದೇ ಮಾತಿಗೆ ನಾಡು ನಡೆಯುತ್ತಿತ್ತು ಎಂದು ನಿಟ್ಟುಸಿರಿಟ್ಟ. ಆ ಕಾಲವನ್ನು ಅವನ ಅಪ್ಪನೂ ಕಂಡಿರಲಿಲ್ಲ. ಆದರೂ ಎಲ್ಲರೂ ತಲೆಯಾಡಿಸಿದರು. ಕಾಣದ್ದಕ್ಕೇ ಮನುಷ್ಯ ಹೆಚ್ಚು ಹಂಬಲಿಸುತ್ತಾನೆ. ಇನ್ನೊಬ್ಬ, "ಯಾದಗಿರಿಯಾಗ ರಿಟೈರಾದ ಒಬ್ಬ ಪೊಲೀಸ್ ಜಮಾದಾರ ಅದಾನ. ಇಲ್ಲಿ ಅವಂಗ ಹೊಲ ಇಲ್ಲ, ಬೀಗರಿಲ್ಲ. ಅವನ್ನ ತಂದು ಕುಂಡ್ರಸೂಣು," ಅಂದ. ನನಗೆ ನಗು ತಡೆಯಲಿಲ್ಲ. ಸಮುದ್ರದಾಚೆಯ ರಾಜನ ತಮ್ಮ ಕಡೆಗೂ ಸಿಕ್ಕ ಅನ್ನಿಸಿ ಅಪ್ಪನ ಕಡೆ ನೋಡಿದೆ. ಅಪ್ಪ ನಗುತ್ತಿರಲಿಲ್ಲ.

"ಹೊರಗಿನಾವ ಬ್ಯಾಡ," ಅಂದ ಗೌಡ. "ಮಾಸ್ತರ್ರು ಇರ್ಲಿ. ಒಬ್ಬರ ಜೋಡಿ ಬಿರುಸು ಮಾತಾಡಿದವ್ರಲ್ಲ. ಜೀವ ಇರೋತನಕ ಅವರ ಮಾತ ಕಾಯಂ. ಇನ್ನೊಂದ ಏನಂದ್ರ, ಅವ್ರಿಗೆ ಗಂಡಮಗ ಇಲ್ಲ. ಹಿಂದ ಗಾದಿಗೆ ಕುಂಡ್ರಾಕ ಯಾರೂ ಇಲ್ಲ. ಅಂಜಿಕಿ ಇಲ್ಲ."

ಯಾರೂ ಅಲ್ಲದ ನಾನು ಬೇವಿನ ಗಿಡದ ಕೆಳಗೆ ಕೂತು ಕೇಳಿಸಿಕೊಂಡೆ. ಅಪ್ಪನ ಪಾಠದ ಮಾತು ಅದೇ. ಆದರೆ ಪಾಠದಲ್ಲಿ ಕೇಳಿದಾಗ ಚುಚ್ಚಿರಲಿಲ್ಲ.

ಗೌಡ ಕೆಂಪು ರುಮಾಲು ತರಿಸಿ ಅಪ್ಪನ ತಲೆಗೆ ಸುತ್ತತೊಡಗಿದ. ನಮ್ಮ ಕಡೆ ಒಂದು ರಿವಾಜು ಉಂಟು. ಗುಡಿಯ ಮುಂದೆ ಕಟ್ಟಿದ ರುಮಾಲನ್ನು ಕಟ್ಟಿಸಿಕೊಂಡವನು ತಾನೇ ಬಿಚ್ಚಬಾರದು. ಹಾಗೇ ಮನೆಗೆ ಬರಬೇಕು, ಹೆಂಡತಿ ಹೊಸ್ತಿಲಲ್ಲಿ ಆರತಿ ಬೆಳಗಬೇಕು, ಅವಳ ಕೈಯಿಂದಲೇ ಅದು ಇಳಿಯಬೇಕು. ರುಮಾಲಿನ ಮೊದಲ ಸುತ್ತು ಬಿದ್ದದ್ದನ್ನು ಕಂಡದ್ದೇ ಅವ್ವ ಎದ್ದಳು. ಅವಳ ಮುಖ ನನಗೆ ಈಗಲೂ ಕಣ್ಣಿಗೆ ಕಟ್ಟಿದೆ. ಅಷ್ಟು ಚೆಲುವಾಗಿ ಅವಳನ್ನು ನಾನು ಅದರ ಹಿಂದೆ ನೋಡಿರಲಿಲ್ಲ, ಮುಂದೆಯೂ ನೋಡಲಿಲ್ಲ. ಸೆರಗು ಸಿಕ್ಕಿಸಿಕೊಂಡು ಆರತಿ ಸಜ್ಜು ಮಾಡಲು ಮನೆಯ ಕಡೆ ಓಡಿದಳು.

ಹೀಗಾಗಿ ಆಮೇಲಿನದನ್ನು ಅವಳು ನೋಡಲಿಲ್ಲ. ಗೌಡ ಕೊನೆಯ ಗಂಟು ಹಾಕುವ ಮೊದಲೇ ಅಪ್ಪ ಅವನ ಕೈ ಹಿಡಿದ. ಎರಡೂ ಕೈಯಿಂದ ರುಮಾಲು ಎತ್ತಿ ಕಟ್ಟೆಯ ಮೇಲೆ ಇಟ್ಟ.

"ಗುಡಿ ಮುಂದ ತಗದ್ರಲ್ರಿ ಮಾಸ್ತರ್ರ," ಅಂದ ಗೌಡ. ಅವನ ದನಿಯಲ್ಲಿ ಸಿಟ್ಟಿಗಿಂತ ಗಾಬರಿ ಹೆಚ್ಚಿತ್ತು.

"ಗಂಟು ಬಿದ್ದಿರಲಿಲ್ರಿ ಗೌಡ್ರ. ನೀರಿಗೆ ದೊರಿ ಬ್ಯಾಡ, ಪಾಳಿ ಬೇಕು. ವರ್ಷಕ್ಕ ಒಬ್ಬರು ನೋಡಿಕೊಳ್ಳಲಿ, ಚೀಟಿ ಎತ್ರಿ. ಒಂದು ವರ್ಷ ಮ್ಯಾಲಿನ ಹೊಲದಿಂದ ನೀರು ಸುರು ಆಗ್ಲಿ, ಮರು ವರ್ಷ ತುದಿ ಹೊಲದಿಂದ. ಕಾಯಂ ಅನ್ನೂದು ಏನೂ ಬ್ಯಾಡ." ಆಮೇಲೆ ಅಮೆರಿಕದ ಕಥೆ ಹೇಳಿದ. ಊರವರು ಕೇಳಿದರು. ಪರದೇಶದ ಮಾತು, ಅದೂ ಮಾಸ್ತರ ಬಾಯಲ್ಲಿ, ಸುಳ್ಳಿರಲಿಕ್ಕಿಲ್ಲ ಎಂದು ಒಪ್ಪಿದರು. ಚೀಟಿ ಎತ್ತಿದರು. ತೂಬಿನ ಮಗ್ಗುಲ ಹೊಲದವನ ಚೀಟಿ ಬಂತು. ಅವನು ಮೇಲಿನಿಂದಲೇ ಸುರು ಮಾಡುವುದಾಗಿ ಹೇಳಿದ.

ಅಪ್ಪನ ಹಿಂದೆ ನಾನು ಮನೆಗೆ ನಡೆದೆ. ಹೆಮ್ಮೆಯಿಂದಲೇ ನಡೆದೆ, ಸುಳ್ಳು ಯಾಕೆ ಹೇಳಲಿ. ಪಾಠದಲ್ಲಿ ಕೇಳಿದ ಸೇನಾಪತಿ ನನ್ನ ಮುಂದೆ ಹರಕು ಚಪ್ಪಲಿ ಮೆಟ್ಟಿಕೊಂಡು ಹೋಗುತ್ತಿದ್ದ. ಓಣಿ ತಿರುಗಿದಾಗ ಅವ್ವ ಕಂಡಳು. ಹೊಸ್ತಿಲಿಗೆ ನೀರು ಹಾಕಿ ರಂಗೋಲಿ ಎಳೆದಿದ್ದಳು. ಮಡಿ ಸೀರೆ ಉಟ್ಟಿದ್ದಳು. ಕೈಯಲ್ಲಿ ಆರತಿ ತಟ್ಟೆ, ಎರಡು ದೀಪ. ಗಾಳಿಗೆ ಆರದಂತೆ ಒಂದು ಕೈ ಅಡ್ಡ ಹಿಡಿದಿದ್ದಳು. ಅವಳು ಅಪ್ಪನ ಮುಖ ನೋಡಲಿಲ್ಲ, ತಲೆ ನೋಡಿದಳು.

"ರುಮಾಲು ಎಲ್ಲೈತ್ರಿ?"

"ಬ್ಯಾಡ ಅಂದೆ."

ಅವ್ವ ದೀಪಗಳಿಗೆ ಅಡ್ಡ ಹಿಡಿದಿದ್ದ ಕೈ ತೆಗೆದಳು. ಗಾಳಿಗೆ ಅವು ತಾವೇ ಆರಿದವು. ಅಪ್ಪ ಅವಳ ಪಕ್ಕದಿಂದ ಒಳಗೆ ಹೋದ.

ಇಪ್ಪತ್ತು ದಿನ ಕಳೆದವು. ನೀರು ನಮ್ಮಿಂದ ಆರು ಹೊಲ ಹಿಂದೆ ನಿಂತಿತು. ಅವ್ವ ಹಳ್ಳದ ಚಿಲುಮೆಯಿಂದ ಕೊಡದಲ್ಲಿ ನೀರು ತಂದು ಸಸಿಗೆ ಹಾಕಿದಳು, ನಾನು ಚಿಕ್ಕ ಕೊಡ ಹೊತ್ತೆ. ಚಾಪೆಯಗಲದ ಹಸಿರು ಅಂಚಿನಿಂದ ಹಳದಿಯಾಗುತ್ತ ನಡುವಿಗೆ ಬಂತು. ಒಂದು ದಿನ ಅವ್ವ ಕೊಡ ಕೆಳಗಿಟ್ಟು, ಸಸಿಯನ್ನು ತಾನೇ ಕಿತ್ತು, ಹೊರೆ ಮಾಡಿ ದನದ ಮುಂದೆ ಹಾಕಿದಳು. ಅಪ್ಪ ಅಂಗಳದಲ್ಲಿ ನಿಂತಿದ್ದ.

"ಊರಿಗೆ ಉಪಕಾರಿ, ಮನಿಗೆ ಮಾರಿ," ಅಂದಳು. ಅಷ್ಟೇ. ಬೈಯಲಿಲ್ಲ, ಅಳಲಿಲ್ಲ. ಬೈದಿದ್ದರೆ ಮುಗಿದುಹೋಗುತ್ತಿತ್ತು.

ಮರು ವರ್ಷ ತುದಿಯಿಂದ ಸುರುವಾಗಬೇಕಾದ ಪಾಳಿ. ಊರವರು ಮಾತು ತಪ್ಪಲಿಲ್ಲ, ಅದನ್ನು ಹೇಳಬೇಕು. ಆದರೆ ಆ ವರ್ಷ ಮೇಲೆಲ್ಲೋ ಕಾಲುವೆ ಒಡೆದು ನಮ್ಮ ತೂಬಿಗೇ ನೀರು ಬರಲಿಲ್ಲ. ಅದರಾಚೆಯ ವರ್ಷ ಅಪ್ಪನಿಗೆ ಶಹಾಪುರಕ್ಕೆ ವರ್ಗವಾಯಿತು. ಹೊಲವನ್ನು ಹಳ್ಳದ ದಂಡೆಯ ಒಂದು ಸಂಸಾರಕ್ಕೆ ಪಾಲಿಗೆ ಕೊಟ್ಟೆವು. ಗಂಡ ಹೊಳೆಯಲ್ಲಿ ಮೀನು ಹಿಡಿಯುತ್ತಿದ್ದವನು, ಹೆಂಡತಿ ಕೂಲಿಗೆ ಹೋಗುವವಳು. ಕಾಲುವೆಯ ತುದಿ ಹೂಳು ತುಂಬಿ ಕುಸಿದದ್ದರಿಂದ ಪಾಳಿ ಬಂದರೂ ನೀರು ಅಲ್ಲಿಗೆ ಮುಟ್ಟುತ್ತಿರಲಿಲ್ಲ. ಅವರು ಮಳೆಗೇ ಸಜ್ಜೆ, ತೊಗರಿ ಬೆಳೆದು ನಮ್ಮ ಪಾಲು ತಂದು ಕೊಡುತ್ತಿದ್ದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರಲ್ಲ, ನಮ್ಮದು ಕೈಗೂ ಬಂದಿರಲಿಲ್ಲ.

ಶಹಾಪುರದಲ್ಲಿ ನಮಗೆ ದಿನಾ ಅನ್ನ. ಸುತ್ತಲೂ ಭತ್ತದ ಸೀಮೆಯಾಗಿತ್ತು, ಅಕ್ಕಿ ಅಗ್ಗವಾಗಿತ್ತು. ಆದರೆ ಅವ್ವ ಅಂಗಡಿಯಿಂದ ಬಂದ ಪ್ರತಿ ಚೀಲದಿಂದ ಒಂದು ಕಾಳು ತೆಗೆದು ಮುಂದಿನ ಹಲ್ಲಿನಲ್ಲಿ ಕಡಿಯುತ್ತಿದ್ದಳು. ಅಪ್ಪನಿಗೆ ಕೇಳಿಸುವಂತೆ ಅನ್ನುತ್ತಿದ್ದಳು: "ನಮ್ಮ ಹೊಲದ ಅಕ್ಕಿ ಹಿಂಗ ಇರಂಗಿಲ್ಲ." ಇಪ್ಪತ್ತೈದು ವರ್ಷ ಅಂದಳು. ಬೆಳೆಯದ ಅಕ್ಕಿಯ ರುಚಿ ಅವಳಿಗೆ ಬಾಯಿಪಾಠವಾಗಿತ್ತು. ಅಪ್ಪ ಒಮ್ಮೆಯೂ ತಿರುಗಿ ಮಾತಾಡಲಿಲ್ಲ. ನಾನು ಅವ್ವನ ಕಡೆ ವಾಲಿದ್ದೆ. ಒಂದು ಪುಸ್ತಕದ ಕಥೆಗಾಗಿ ಮನೆಯ ಹೆಂಗಸಿನ ಆಸೆಯನ್ನು ಕಟ್ಟೆಯ ಮೇಲೆ ಇಟ್ಟು ಬಂದವನು ಎಂದು ಅಪ್ಪನ ಮೇಲೆ ನನಗೆ ಸಿಟ್ಟಿತ್ತು.

ವಿಧಿಯ ಆಟ ನೋಡಿ, ನಾನೂ ಶಹಾಪುರದಲ್ಲೇ ಇತಿಹಾಸದ ಮೇಡಂ ಆದೆ. ಪ್ರತಿ ವರ್ಷ ಆ ಪಾಠ ಬರುತ್ತದೆ. ಸೇನಾಪತಿ ಯಾಕೆ ಬೇಡ ಅಂದ ಎಂದು ಮಕ್ಕಳು ಕೇಳುತ್ತಾರೆ. ಗಣರಾಜ್ಯದ ಮೇಲಿನ ನಿಷ್ಠೆಯಿಂದ ಎಂದು ಬೋರ್ಡಿನ ಮೇಲೆ ಬರೆಯುತ್ತೇನೆ, ಪರೀಕ್ಷೆಗೆ ಬೇಕಾದದ್ದು ಅದೇ. ಅವನ ಹೆಂಡತಿಯನ್ನು ಯಾರಾದರೂ ಕೇಳಿದ್ದರೇ ಎಂದು ನನಗೆ ಅನ್ನಿಸುತ್ತದೆ. ಅದನ್ನು ಬರೆಯುವುದಿಲ್ಲ.

ಅವ್ವ ಹೋಗಿ ವರ್ಷವಾಗಿತ್ತು. ಒಂದು ಭಾನುವಾರ ಹೊಲ ಮಾಡುತ್ತಿದ್ದವನು ಚೀಲ ಹೊತ್ತು ಬಾಗಿಲಿಗೆ ಬಂದ. "ಕಾಲುವಿ ರಿಪೇರಿ ಮಾಡ್ಯಾರ್ರಿ ಮಾಸ್ತರ್ರ. ಈ ಸಲ ತುದಿತನಕ ನೀರು ಬಂತು. ನೆಲ್ಲು ಹಾಕಿದ್ವಿ. ಮೊದಲ ಅಕ್ಕಿ ನಿಮಗ ಮುಟ್ಟಿಸಿ ಬಾ ಅಂತ ನನ್ನ ಹೇಣ್ತಿ ಕಳಿಸ್ಯಾಳ." ಪಾಳಿ ಇನ್ನೂ ಅಪ್ಪ ಹೇಳಿದಂತೆಯೇ ನಡೆದಿದೆ, ಒಂದು ವರ್ಷ ಮೇಲಿನಿಂದ, ಒಂದು ವರ್ಷ ತುದಿಯಿಂದ ಎಂದೂ ಹೇಳಿದ. ಅಪ್ಪ ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. ಎದ್ದು ಹೋಗಿ ಅವ್ವನ ಟ್ರಂಕು ತೆರೆದು, ಕೆಳಗಿಂದ ಆ ಹಸಿರು ಖಣ ತೆಗೆದ. ಮಡಚಿದ ಗೆರೆಗಳಲ್ಲಿ ಬಣ್ಣ ಹೋಗಿತ್ತು. "ನಿನ್ನ ಹೇಣ್ತಿ ಕೈಯಾಗ ಕೊಡು. ಮತ್ತ ನೀರು ಬಂದಾಗ ಗಂಗವ್ವಗ ಬಿಡ್ಲಿ. ನಮ್ಮ ಮನ್ಯಾಕಿ ಹೆಸರಿಲೆ."

ಅವನು ಹೋದ ಮೇಲೆ ನಾನು ಅನ್ನಕ್ಕಿಟ್ಟೆ. ಬಡಿಸಿದೆ. ಅಪ್ಪ ತಟ್ಟೆಯ ಮುಂದೆ ಕೂತು ಅನ್ನ ಮುಟ್ಟಲಿಲ್ಲ.

"ರುಮಾಲು ತಲಿಮ್ಯಾಗ ಬಿದ್ದ ಕೂಡ್ಲೆ ನನಗ ಏನು ಕಂಡಿತು ಗೊತ್ತೇನು?" ಅಂದ. "ಊರು ಕಾಣಲಿಲ್ಲ. ಅಮೆರಿಕಾನೂ ಕಾಣಲಿಲ್ಲ. ನಿಮ್ಮವ್ವನ ಹೊಲ ಕಂಡಿತು. ನಾಳಿ ಮುಂಜಾನಿ ಮೊದಲ ನೀರು ಅಲ್ಲಿಗೇ ಬಿಡಸಬೇಕು ಅಂತ ಮನಸ್ಸು ಹೇಳಿಬಿಡ್ತು. ಇನ್ನೂ ಗಂಟು ಬಿದ್ದಿರಲಿಲ್ಲ, ಅಷ್ಟರಾಗ ಬೇಲಿ ಎದ್ದು ಹೊಲ ಮೇಯಾಕತ್ತಿತ್ತು. ಅದಕ್ಕ ಇಳಿಸಿದೆ. ಬ್ಯಾಡಾಗಿ ಇಳಿಸಲಿಲ್ಲ, ಬೇಕಾಗಿತ್ತಂತ ಇಳಿಸಿದೆ."

ಇಷ್ಟು ವರ್ಷ ಅವ್ವ ತನ್ನ ಹೊಲ ಗಂಡನಿಗೆ ನೆನಪೇ ಆಗಲಿಲ್ಲ ಎಂದು ನೊಂದಿದ್ದಳು. ಅವನಿಗೆ ನೆನಪಾದದ್ದು ಅದೊಂದೇ.

"ಅವ್ವಗ ಯಾಕ ಹೇಳಲಿಲ್ಲಪ್ಪಾ?"

"ಹೇಳಿದ್ರ ಮರುದಿನಾನ ರುಮಾಲು ಕಟ್ಟಿ ಕಳಸ್ತಿದ್ಲು." ಅಪ್ಪ ತಟ್ಟೆಯನ್ನು ನೋಡುತ್ತಲೇ ಇದ್ದ. "ನಾನೂ ಹೋಗ್ತಿದ್ದೆ."

ಚೀಲದ ಬಾಯಿ ಬಿಚ್ಚಿಯೇ ಇತ್ತು. ಅಪ್ಪ ಕೂತಲ್ಲಿಂದಲೇ ಕೈ ಚಾಚಿ ಒಂದು ಹಸಿ ಕಾಳು ತೆಗೆದುಕೊಂಡ. ಅವ್ವ ಕಡಿಯುತ್ತಿದ್ದ ಹಾಗೇ ಮುಂದಿನ ಹಲ್ಲಿನಲ್ಲಿ ಕಡಿದ. ಬಹಳ ಹೊತ್ತು ಅಗಿದ.

"ಖರೆ ಅಂತಿದ್ಲು," ಅಂದ. "ಅಂಗಡಿ ಅಕ್ಕಿ ಹಿಂಗ ಇರಂಗಿಲ್ಲ."